ಆರ್‌ಎಸ್‌ಐ ಸ್ಕ್ಯಾನರ್‌ಗೆ ಹೆಸರು ಕೊಟ್ಟು ಕೂತ ಚಾರ್ಲ್ಸ್ ಡೌ ನಿಜಕ್ಕೂ ಯಾರು?

ಈ ಸಲ ತೊಗರಿ ಮಾರಾಟವಾದ ಮೇಲೆ ಸುರಪುರದ ಕಡೆಯ ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಓಡಾಡಿತು. ಸೂಟು ತೊಟ್ಟ, ತಲೆಗೂದಲು ನೀಟಾಗಿ ಬಾಚಿದ ಒಬ್ಬ ವಿದೇಶಿ ಮನುಷ್ಯನ ಕಪ್ಪುಬಿಳುಪು ಫೋಟೋ. ಅದರ ಕೆಳಗೆ ಚಾರ್ಲ್ಸ್ ಡೌ ಎಂಬ ಹೆಸರು. 120 ವರ್ಷಗಳ ಹಿಂದೆ ಈತ ಷೇರುಪೇಟೆಯ ಗುಟ್ಟಿನ ಸೂತ್ರ ಕಂಡುಹಿಡಿದು ಕೋಟ್ಯಧೀಶನಾದ, ಅದೇ ಸೂತ್ರವನ್ನು ಈಗ ಮೊಬೈಲ್ ಸ್ಕ್ಯಾನರ್‌ಗೆ ತುಂಬಿದ್ದೇವೆ, ಆರ್‌ಎಸ್‌ಐ 30ಕ್ಕಿಂತ ಕೆಳಗಿಳಿದ ಷೇರು ಕೊಂಡು 70 ದಾಟಿದಾಗ ಮಾರಿದರೆ ನಷ್ಟದ ಮಾತೇ ಇಲ್ಲ. ಇಷ್ಟು ಅದರ ಸಾರ. ಕೊನೆಯಲ್ಲಿ ಒಂದು ಟೆಲಿಗ್ರಾಂ ಗುಂಪಿನ ಲಿಂಕ್.

ನಮ್ಮ ಕಾಕಾನ ಮಗ ಆ ಲಿಂಕ್ ಒತ್ತಿದ. ನನಗಿಂತ ನಾಲ್ಕು ವರ್ಷ ದೊಡ್ಡವನು, ಲೆಕ್ಕದಲ್ಲಿ ಜಾಣ, ಅಡತಿ ಅಂಗಡಿಯಲ್ಲಿ ತೂಕದ ಮೋಸ ಹಿಡಿಯುವವನು. ತೊಗರಿಯ ದುಡ್ಡಿನಲ್ಲಿ 60 ಸಾವಿರ ಹಾಕಿದ. ಮೂರು ವಾರ ಕಳೆಯುವ ಹೊತ್ತಿಗೆ 11 ಸಾವಿರ ಉಳಿದಿತ್ತು. ನನಗೆ ಫೋನ್ ಮಾಡಿದಾಗ ಅವನು ನಷ್ಟದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಕೇಳಿದ್ದು ಒಂದೇ: ಈ ಡೌ ಎಂಬ ಮನುಷ್ಯ ನಿಜವಾಗಿ ಇದ್ದನೋ, ಇಲ್ಲವೋ?

ಇದ್ದ. ಆತನ ಬದುಕು ಗೊತ್ತಾದರೆ ಆ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಬುರುಡೆ ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಮೊದಲಿಗೆ, ಫೋಟೋ ಡೌನದ್ದಲ್ಲ

ಆ ಚಿತ್ರವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದರೆ ಎರಡೇ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅದು ಜೆಸ್ಸಿ ಲಿವರ್‌ಮೋರ್ ಎಂಬ ಅಮೆರಿಕದ ಸಟ್ಟಾ ವ್ಯಾಪಾರಿಯ ಫೋಟೋ. 1929ರಲ್ಲಿ ನ್ಯೂಯಾರ್ಕ್ ಪೇಟೆ ಕುಸಿದಾಗ ಬೆಲೆ ಬೀಳುತ್ತದೆಂದು ಪಂಥ ಕಟ್ಟಿ ಅಪಾರ ಹಣ ಮಾಡಿದವನು ಈತ. ಐದೇ ವರ್ಷಕ್ಕೆ, 1934ರಲ್ಲಿ, ಕೋರ್ಟಿನ ಮುಂದೆ ದಿವಾಳಿ ಎಂದು ಒಪ್ಪಿಕೊಂಡ. 1940ರಲ್ಲಿ ತನ್ನ ಜೀವ ತಾನೇ ಕಳೆದುಕೊಂಡ. ನಷ್ಟವೇ ಇಲ್ಲ ಎಂದು ಸಾರುವ ಪೋಸ್ಟರ್‌ಗೆ ಈ ಮುಖ ಅಂಟಿಸಿದವರು ಆತನ ಕಥೆ ಓದಿರಲಿಕ್ಕಿಲ್ಲ.

ಡೌನ ನಿಜವಾದ ಫೋಟೋದಲ್ಲಿ ದಟ್ಟ ಗಡ್ಡ ಇದೆ. ಎತ್ತರದ ಆಳು, ನಡೆಯುವಾಗ ಸ್ವಲ್ಪ ಬಾಗಿದ ಬೆನ್ನು, ಕಡಿಮೆ ಮಾತು. ಜೊತೆಗೆ ಕೆಲಸ ಮಾಡಿದವರಿಗೆ ಆತ ಪೇಟೆಯ ಮನುಷ್ಯನಿಗಿಂತ ಹೆಚ್ಚಾಗಿ ಕಾಲೇಜಿನ ಪ್ರೊಫೆಸರ್‌ನಂತೆ ಕಾಣುತ್ತಿದ್ದನಂತೆ. ಆತನ ಕಸುಬು ಪತ್ರಿಕೋದ್ಯಮ. ನಾನೂ ಓದಿದ್ದು ಸಂವಹನ ವಿಷಯವೇ ಆದ್ದರಿಂದ ಈ ಮನುಷ್ಯನ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕನೆಕ್ಟಿಕಟ್‌ನ ಹೊಲದಿಂದ ಬೆಳ್ಳಿಯ ಬೆಟ್ಟಕ್ಕೆ

ಚಾರ್ಲ್ಸ್ ಹೆನ್ರಿ ಡೌ ಹುಟ್ಟಿದ್ದು 1851ರ ನವೆಂಬರ್ 6ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟರ್ಲಿಂಗ್ ಎಂಬ ಸಣ್ಣ ಊರಿನಲ್ಲಿ. ಒಕ್ಕಲುತನದ ಮನೆ. ಆರು ವರ್ಷದವನಿದ್ದಾಗ ತಂದೆ ತೀರಿಕೊಂಡ. ಹೆಚ್ಚು ಓದಲಾಗಲಿಲ್ಲ, ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಸಿಕ್ಕ ಕೆಲಸಗಳನ್ನೆಲ್ಲ ಮಾಡಿ, 21ನೇ ವಯಸ್ಸಿನ ಹೊತ್ತಿಗೆ, 1872ರಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಡೈಲಿ ರಿಪಬ್ಲಿಕನ್ ಪತ್ರಿಕೆಗೆ ಸೇರಿದ. ಅಲ್ಲಿನ ಸಂಪಾದಕ ಸ್ಯಾಮ್ಯುಯೆಲ್ ಬೌಲ್ಸ್ ಬಿಗಿ ಮನುಷ್ಯ. ಸುದ್ದಿಯನ್ನು ಚಿಕ್ಕದಾಗಿ, ಚೊಕ್ಕವಾಗಿ, ಮುಖ್ಯ ಸಂಗತಿ ಮೊದಲ ಸಾಲಿನಲ್ಲೇ ಬರುವಂತೆ ಬರೆಯುವುದನ್ನು ಡೌ ಕಲಿತದ್ದು ಇವನ ಕೈಕೆಳಗೆ.

ಅಲ್ಲಿಂದ ಪ್ರಾವಿಡೆನ್ಸ್ ಪಟ್ಟಣಕ್ಕೆ. ಅಲ್ಲಿ ಹಡಗು ಸಾಗಣೆಯ ಇತಿಹಾಸ, ನ್ಯೂಪೋರ್ಟ್ ಊರಿನ ಇತಿಹಾಸ ಹೀಗೆ ಹಳೆಯ ದಾಖಲೆ ಕೆದಕುವ ಬರಹಗಳಲ್ಲಿ ಆತನಿಗೆ ರುಚಿ ಹತ್ತಿತು. ಹಳೆಯ ಅಂಕಿಅಂಶ ಸಾಲಾಗಿ ಇಟ್ಟು ನೋಡಿದರೆ ಇಂದಿನ ಸ್ಥಿತಿ ಅರ್ಥವಾಗುತ್ತದೆ ಎಂಬ ಅಭ್ಯಾಸ ಬೆಳೆದದ್ದು ಹೀಗೆ.

1879ರಲ್ಲಿ ತಿರುವು ಬಂತು. ಕೊಲರಾಡೊದ ಲೆಡ್‌ವಿಲ್ ಎಂಬಲ್ಲಿ ಬೆಳ್ಳಿ ಸಿಕ್ಕಿತ್ತು. ಸಮುದ್ರಮಟ್ಟದಿಂದ 10,000 ಅಡಿಗೂ ಎತ್ತರದ ಆ ಗಣಿ ಊರಿಗೆ ದುಡ್ಡು ಹಾಕುವ ಸಾಹುಕಾರರ, ಭೂವಿಜ್ಞಾನಿಗಳ ತಂಡವೊಂದು ಹೊರಟಾಗ ಪತ್ರಿಕೆ ಡೌನನ್ನು ಜೊತೆಗೆ ಕಳಿಸಿತು. ರೈಲಿನಲ್ಲಿ ಆ ಸಾಹುಕಾರರ ಮಾತು ಕೇಳುತ್ತ ಆತನಿಗೆ ಒಂದು ಸಂಗತಿ ಹೊಳೆಯಿತು. ಇವರ ಹತ್ತಿರ ಹಣ ಇದೆ, ಧೈರ್ಯ ಇದೆ, ನಂಬಬಹುದಾದ ಮಾಹಿತಿ ಮಾತ್ರ ಇಲ್ಲ. ಅದಕ್ಕಾಗಿ ಇವರು ಕೇಳಿದಷ್ಟು ಕೊಡಲು ತಯಾರಿದ್ದಾರೆ. ಲೆಡ್‌ವಿಲ್‌ನಿಂದ ಡೌ ಬರೆದ ಪತ್ರಗಳಲ್ಲಿ ಬೆಳ್ಳಿಯ ಆಸೆ ಎಷ್ಟಿದೆಯೋ ಕೈಸುಟ್ಟುಕೊಂಡವರ ಲೆಕ್ಕವೂ ಅಷ್ಟೇ ಇದೆ.

ಇಲ್ಲಿ ನಮ್ಮ ಕಡೆಯ ಒಂದು ಮಾತು. ಅದೇ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಲ್ಲ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದವು. 1886ರಲ್ಲಿ ನಿಜಾಮರ ಸೀಮೆಯ ಗಣಿ ಹಕ್ಕನ್ನು ಹಿಡಿದುಕೊಂಡು ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಎಂಬುದೊಂದು ಹುಟ್ಟಿತು. ಬಹುಪಾಲು ಷೇರುಗಳನ್ನು ಹಕ್ಕು ಪಡೆದವರೇ ಇಟ್ಟುಕೊಂಡರು, ಕೃತಕವಾಗಿ ಏರಿದ ಬೆಲೆಗೆ ನಿಜಾಮರ ಸರ್ಕಾರದಿಂದಲೇ ಷೇರು ಕೊಳ್ಳಿಸಿದರು. ಹಗರಣ ದೊಡ್ಡದಾಗಿ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಬೇಕಾಯಿತು. ನೆಲದೊಳಗೆ ಏನಿದೆ ಎಂದು ಯಾರೂ ನೋಡುವ ಮೊದಲೇ ಷೇರಿನ ಬೆಲೆ ಏರಿಸಿ ಮಾರುವ ವಿದ್ಯೆ ಟೆಲಿಗ್ರಾಂಗಿಂತ ಬಹಳ ಹಳೆಯದು.

ಸೋಡಾ ಅಂಗಡಿಯ ನೆಲಮಾಳಿಗೆ

1880ರಲ್ಲಿ ಡೌ ನ್ಯೂಯಾರ್ಕಿಗೆ ಬಂದ. ವಾಲ್ ಸ್ಟ್ರೀಟ್‌ನ ದಲ್ಲಾಳಿಗಳಿಗೆ ಕೈಬರಹದ ಸುದ್ದಿಚೀಟಿ ಹಂಚುವ ಕೀರ್ನನ್ ಸಂಸ್ಥೆಯಲ್ಲಿ ಕೆಲಸ. ಪ್ರಾವಿಡೆನ್ಸ್‌ನ ಹಳೆಯ ಗೆಳೆಯ ಎಡ್ವರ್ಡ್ ಜೋನ್ಸ್‌ನನ್ನೂ ಅಲ್ಲಿಗೇ ಕರೆಸಿಕೊಂಡ. ಡೌ ನಿಧಾನಿ, ಜೋನ್ಸ್ ಚುರುಕು. ಯಾವುದೇ ಕಂಪನಿಯ ಲೆಕ್ಕಪತ್ರ ಕೈಗೆ ಬಂದರೂ ಅದರ ಹುಳುಕು ಎಲ್ಲಿದೆ ಎಂದು ಜೋನ್ಸ್ ಕೂಡಲೇ ಬೆರಳಿಟ್ಟು ತೋರಿಸುತ್ತಿದ್ದ. 1882ರ ನವೆಂಬರಿನಲ್ಲಿ ಇಬ್ಬರೂ ಚಾರ್ಲ್ಸ್ ಬರ್ಗ್‌ಸ್ಟ್ರೆಸರ್ ಎಂಬ ಮೂರನೆಯವನನ್ನು ಸೇರಿಸಿಕೊಂಡು ಸ್ವಂತ ಸಂಸ್ಥೆ ತೆರೆದರು. ಮೂರನೆಯವನ ಹೆಸರು ಬೋರ್ಡಿಗೆ ಉದ್ದವಾಯಿತೆಂದು ಡೌ ಜೋನ್ಸ್ ಎಂದಷ್ಟೇ ಇಟ್ಟರು ಎಂಬ ಮಾತಿದೆ.

ಆಫೀಸು ಎಂದರೆ 15, ವಾಲ್ ಸ್ಟ್ರೀಟ್ ಕಟ್ಟಡದ ನೆಲಮಾಳಿಗೆ, ಪಕ್ಕದಲ್ಲಿ ಸೋಡಾ ಮಾರುವ ಅಂಗಡಿ. ತೆಳು ಕಾಗದಗಳ ನಡುವೆ ಕಾರ್ಬನ್ ಇಟ್ಟು ಒತ್ತಿ ಬರೆದು, ಒಂದೇ ಸಲಕ್ಕೆ ಹಲವು ಪ್ರತಿ ತೆಗೆದು, ಹುಡುಗರ ಕೈಯಲ್ಲಿ ದಲ್ಲಾಳಿಗಳ ಬಾಗಿಲಿಗೆ ಓಡಿಸುವುದು ದಿನದ ಕೆಲಸ. ನೋಡಿದರೆ ಅದೂ ಒಂಥರ ಫಾರ್ವರ್ಡ್ ವ್ಯವಸ್ಥೆಯೇ! ಒಂದು ವ್ಯತ್ಯಾಸ ಇತ್ತು. ಆ ಕಾಲದಲ್ಲಿ ಕಂಪನಿಗಳು ತಮ್ಮ ಲಾಭನಷ್ಟವನ್ನು ಹೇಳಲೇಬೇಕೆಂಬ ಕಾನೂನು ಇರಲಿಲ್ಲ. ಷೇರನ್ನು ಹೊಗಳಿ ಬರೆಯಲು ವರದಿಗಾರರಿಗೆ ಲಂಚ ಕೊಡುವುದು ಮಾಮೂಲಾಗಿತ್ತು. ಡೌ, ಜೋನ್ಸ್ ಇಬ್ಬರೂ ಅದಕ್ಕೆ ಕೈಚಾಚದೆ, ಸುದ್ದಿ ಬೇರೆ, ಸಲಹೆ ಬೇರೆ ಎಂದು ಇಟ್ಟುಕೊಂಡರು. ಸಂಸ್ಥೆ ಬೆಳೆದದ್ದು ಆ ಹೆಸರಿನ ಮೇಲೆ. 1883ರಲ್ಲಿ ದಿನದ ಸುದ್ದಿಯನ್ನೆಲ್ಲ ಸೇರಿಸಿ ಎರಡು ಪುಟದ ಮಧ್ಯಾಹ್ನದ ಪತ್ರ ಶುರುವಾಯಿತು. 1889ರ ಜುಲೈ 8ರಂದು ಅದೇ ನಾಲ್ಕು ಪುಟದ ವಾಲ್ ಸ್ಟ್ರೀಟ್ ಜರ್ನಲ್ ಆಯಿತು. ಬೆಲೆ ಎರಡು ಸೆಂಟ್.

ನಡುವೆ 1885ರಿಂದ ಕೆಲ ವರ್ಷ ಡೌ ಷೇರು ವಿನಿಮಯ ಕೇಂದ್ರದ ಸದಸ್ಯನೂ ಆಗಿದ್ದ. ಐರ್ಲೆಂಡಿನಿಂದ ಬಂದ ಪಾಲುದಾರನೊಬ್ಬನಿಗೆ ಅಮೆರಿಕದ ಪೌರತ್ವ ಸಿಗುವವರೆಗೆ ಆ ಜಾಗದಲ್ಲಿ ಡೌ ಕೂರಬೇಕಿತ್ತು. ಕೂಗಾಟದ ನಡುವೆ ನಿಂತು ಪೇಟೆ ಹೇಗೆ ನಡೆಯುತ್ತದೆಂದು ಆತ ಕಣ್ಣಾರೆ ನೋಡಿದ್ದು ಆಗ. ಹೊಟ್ಟೆಪಾಡಿನ ದಾರಿ ಮಾತ್ರ ಕೊನೆಯವರೆಗೂ ಪತ್ರಿಕೆಯೇ. ಗುಟ್ಟಿನ ಸೂತ್ರದಿಂದ ಕೋಟ್ಯಧೀಶನಾದ ಎಂಬ ಫಾರ್ವರ್ಡ್‌ನ ಮಾತಿಗೆ ಈ ಬದುಕಿನಲ್ಲಿ ಜಾಗ ಇಲ್ಲ.

ಹನ್ನೆರಡು ಷೇರು, ಒಂದು ಭಾಗಾಕಾರ

ಒಂದು ದಿನ ಕೆಲವು ಷೇರು ಏರುತ್ತವೆ, ಕೆಲವು ಇಳಿಯುತ್ತವೆ. ಹಾಗಾದರೆ ಪೇಟೆ ಒಟ್ಟಾರೆ ಏರಿತೋ ಇಳಿಯಿತೋ? ಇದಕ್ಕೆ ಡೌ ಕಂಡುಕೊಂಡ ಉತ್ತರ ಐದನೇ ತರಗತಿಯ ಗಣಿತ. 1884ರ ಜುಲೈ 3ರಂದು 11 ಕಂಪನಿಗಳ ಷೇರು ಬೆಲೆ ಕೂಡಿಸಿ ಸರಾಸರಿ ತೆಗೆದು ಅಚ್ಚು ಹಾಕಿದ. ಅದರಲ್ಲಿ ಒಂಬತ್ತು ರೈಲ್ವೆ ಕಂಪನಿಗಳು, ಏಕೆಂದರೆ ಆಗಿನ ದೊಡ್ಡ ಉದ್ಯಮ ರೈಲೇ. 1896ರ ಮೇ 26ರಂದು ಬರೀ ಕೈಗಾರಿಕೆಗಳ ಇನ್ನೊಂದು ಸರಾಸರಿ ಹೊರಬಂತು. ಸಕ್ಕರೆ, ತಂಬಾಕು, ಚರ್ಮ, ರಬ್ಬರ್, ಸೀಸ, ವಿದ್ಯುತ್ ಹೀಗೆ 12 ಕಂಪನಿ. ಯಾದಗಿರಿಯ ಹತ್ತಿ ಮಿಲ್ಲುಗಳನ್ನು ಕಂಡವರಿಗೆ ಇಷ್ಟವಾಗುವ ಸಂಗತಿ ಒಂದಿದೆ: ಆ ಹನ್ನೆರಡರಲ್ಲಿ ಒಂದು ಹತ್ತಿಕಾಳಿನ ಎಣ್ಣೆಯ ಕಂಪನಿ. ಹನ್ನೆರಡರ ಬೆಲೆ ಕೂಡಿಸಿ ಹನ್ನೆರಡರಿಂದ ಭಾಗಿಸಿದಾಗ ಮೊದಲ ದಿನ ಬಂದ ಸಂಖ್ಯೆ 40.94. ಆಗಸ್ಟ್ 8ರ ಹೊತ್ತಿಗೆ ಅದು 28.48ಕ್ಕೆ ಬಿತ್ತು, ಅಂದರೆ ಎರಡೂವರೆ ತಿಂಗಳಲ್ಲಿ ಸುಮಾರು ಶೇ. 30ರಷ್ಟು ಇಳಿತ.

ಈ ಲೆಕ್ಕದಲ್ಲಿ ಒಂದು ಊನ ಇದೆ. ಹೆಚ್ಚು ಬೆಲೆಯ ಷೇರು ಸರಾಸರಿಯನ್ನು ಹೆಚ್ಚು ಎಳೆದಾಡುತ್ತದೆ, ಆ ಕಂಪನಿ ಚಿಕ್ಕದಿದ್ದರೂ ಸರಿ. ನಮ್ಮ ಸೆನ್ಸೆಕ್ಸ್, ನಿಫ್ಟಿಗಳು ಕಂಪನಿಯ ಷೇರುಗಳಲ್ಲಿ ಪೇಟೆಯಲ್ಲಿ ಮುಕ್ತವಾಗಿ ಕೈಬದಲಾಗುವ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಲೆಕ್ಕ ಹಾಕುವುದು ಈ ತೊಂದರೆ ತಪ್ಪಿಸಲಿಕ್ಕೆ. ಆದರೆ ಸಂಜೆ ಟಿವಿಯಲ್ಲಿ ಇಷ್ಟು ಅಂಶ ಏರಿತು, ಇಷ್ಟು ಇಳಿಯಿತು ಎಂದು ಕೇಳುತ್ತೇವಲ್ಲ, ಆ ಮಾತಿನ ಮೂಲ ನ್ಯೂಯಾರ್ಕಿನ ಈ ಭಾಗಾಕಾರ.

ನೆಟ್ಟ ಕೋಲು

1899ರಿಂದ 1902ರವರೆಗೆ ಡೌ ತನ್ನ ಪತ್ರಿಕೆಯಲ್ಲಿ ಸಂಪಾದಕೀಯ ಬರೆದ. ಇಂದು ಟೆಕ್ನಿಕಲ್ ಅನಾಲಿಸಿಸ್ ಎನ್ನುವ ಇಡೀ ಶಾಸ್ತ್ರ, ಅದರೊಳಗಿನ ಮೊಮೆಂಟಮ್ ಎಂಬ ಮಾತು, ಎಲ್ಲ ತಮ್ಮ ಬೇರನ್ನು ಹುಡುಕಿಕೊಂಡು ಹೋಗುವುದು ಈ ಮೂರು ವರ್ಷದ ಬರಹಗಳಿಗೆ. ಅದರಲ್ಲಿ ಏನಿದೆ?

ಡೌ ಕೊಟ್ಟ ಹೋಲಿಕೆ ಸಮುದ್ರದ್ದು. ನಮ್ಮ ಕಡೆಯವರಿಗೆ ಸಮುದ್ರ ದೂರ, ಆದ್ದರಿಂದ ಕೃಷ್ಣೆಯನ್ನೇ ತಗೊಳ್ಳೋಣ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಿದ್ದಾರೆ, ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆ ಮುಳುಗುತ್ತದೋ ಇಲ್ಲವೋ ಎಂದು ದಂಡೆಯಲ್ಲಿ ಜನ ನಿಂತಿದ್ದಾರೆ. ಅಲೆ ಬಂದು ಬಡಿಯುತ್ತದೆ, ಹಿಂದೆ ಸರಿಯುತ್ತದೆ. ಒಂದು ಅಲೆ ನೋಡಿ ಪ್ರವಾಹ ಏರುತ್ತಿದೆ ಎನ್ನಲಾಗದು. ನೀರು ತಲುಪಿದ ಕಡೆ ಒಂದು ಕೋಲು ನೆಡುತ್ತೀರಿ. ಮುಂದಿನ ಅಲೆಗಳು ಕೋಲನ್ನು ದಾಟಿದರೆ ಇನ್ನೊಂದು ಕೋಲು ಮೇಲೆ ನೆಡುತ್ತೀರಿ. ಎಷ್ಟೋ ಹೊತ್ತು ಯಾವ ಅಲೆಯೂ ಕೊನೆಯ ಕೋಲನ್ನು ಮುಟ್ಟದಿದ್ದರೆ ಪ್ರವಾಹ ಇಳಿಮುಖವಾಗಿದೆ ಎಂದು ತಿಳಿಯುತ್ತೀರಿ. ಡೌ ಸರಾಸರಿಯ ಅಂಕಿಗಳನ್ನು ಓದಿದ್ದು ಈ ಕೋಲುಗಳಂತೆ. ದಿನದಿನದ ಏರಿಳಿತ ಸಣ್ಣ ಅಲೆ, ಕೆಲವು ವಾರಗಳದ್ದು ದೊಡ್ಡ ಅಲೆ, ವರ್ಷಗಟ್ಟಲೆ ನಡೆಯುವುದು ಪ್ರವಾಹ. ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ.

ಗಮನಿಸಿ, ಕೋಲು ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳುತ್ತದೆ. ನಾಳೆ ಮಹಾರಾಷ್ಟ್ರದ ಕಡೆ ಎಷ್ಟು ಮಳೆ ಬೀಳುತ್ತದೆ ಎಂದು ಅದಕ್ಕೆ ಗೊತ್ತಿಲ್ಲ.

ಎರಡು ಸರಾಸರಿ ಯಾಕೆ ಬೇಕು ಎಂಬುದೂ ಇಲ್ಲಿಯ ಉದಾಹರಣೆಯಿಂದ ತಿಳಿಯುತ್ತದೆ. ಹತ್ತಿ ಮಿಲ್ಲಿನವರು ವ್ಯಾಪಾರ ಭರ್ಜರಿ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ನಿಜವಾಗಿ ಭರ್ಜರಿಯಾಗಿದ್ದರೆ ಅಂಡಿಗೆಗಳು ಊರು ಬಿಟ್ಟು ಹೊರಗೆ ಹೋಗಲೇಬೇಕು. ಯಾದಗಿರಿ ಸ್ಟೇಷನ್ನಿನ ಗೂಡ್ಸ್ ಗಾಡಿ, ಹೆದ್ದಾರಿಯ ಲಾರಿ ಖಾಲಿ ಓಡುತ್ತಿದ್ದರೆ ಮಿಲ್ಲಿನ ಮಾತಿನಲ್ಲಿ ಏನೋ ಕೊರತೆ ಇದೆ. ಕೈಗಾರಿಕೆಯ ಸರಾಸರಿ ಏರಿದಾಗ ರೈಲ್ವೆಯ ಸರಾಸರಿಯೂ ಏರಿತೇ ಎಂದು ನೋಡುವ ಪದ್ಧತಿ ಈ ತರ್ಕದ್ದು.

ಇನ್ನು ಫಾರ್ವರ್ಡ್‌ನವರು ಮುಚ್ಚಿಟ್ಟ ಭಾಗ. ಚಾರ್ಟ್ ಶಾಸ್ತ್ರದ ಪಿತಾಮಹ ಎಂದು ಹೊಗಳಿಸಿಕೊಳ್ಳುವ ಈ ಮನುಷ್ಯ ಮತ್ತೆ ಮತ್ತೆ ಬರೆದದ್ದು ಮೌಲ್ಯದ ಬಗ್ಗೆ. ಕಂಪನಿ ಎಷ್ಟು ದುಡಿಯುತ್ತದೆ, ಎಷ್ಟು ಲಾಭಾಂಶ ಹಂಚುತ್ತದೆ ಎಂಬುದೇ ಕೊನೆಗೆ ಬೆಲೆಯನ್ನು ತೀರ್ಮಾನಿಸುತ್ತದೆ, ಮೊದಲು ಅದನ್ನು ತಿಳಿ, ಆಮೇಲೆ ಅಲೆ ನೋಡು ಎಂಬುದು ಆತನ ಕ್ರಮ. ಸಣ್ಣ ಬಂಡವಾಳದವರು ಕೈಮೀರಿ ವ್ಯಾಪಾರ ಮಾಡುವುದೇ ನಷ್ಟಕ್ಕೆ ದೊಡ್ಡ ಕಾರಣ ಎಂದೂ ಬರೆದ. ಷೇರಿನಿಂದ ವಾರಕ್ಕೆ ಶೇ. 50 ಗಳಿಸುವ ಬದಲು ವರ್ಷಕ್ಕೆ ಶೇ. 12 ಬಂದರೆ ಸಾಕು ಎಂದುಕೊಂಡವರ ಸ್ಥಿತಿ ಕೊನೆಗೆ ಚೆನ್ನಾಗಿರುತ್ತದೆ ಎಂಬ ಅರ್ಥದ ಅಭಿಪ್ರಾಯ ಆತನದು. ಇದನ್ನು ಓದಿದಾಗ ನನಗೆ ಅಣ್ಣನ 60 ಸಾವಿರ ನೆನಪಾಯಿತು. ಅವನಿಗೆ ಆ ಗುಂಪು ಹೇಳಿದ್ದು ವಾರದ ಲೆಕ್ಕವೇ.

ಸಾವು, ಆಮೇಲೆ ಸಿದ್ಧಾಂತ

ಡೌನ ಆರೋಗ್ಯ ಕೈಕೊಟ್ಟಿತ್ತು. ಜೋನ್ಸ್ 1899ರಲ್ಲೇ ಸಂಸ್ಥೆ ಬಿಟ್ಟಿದ್ದ. 1902ರಲ್ಲಿ ಡೌ ಮತ್ತು ಬರ್ಗ್‌ಸ್ಟ್ರೆಸರ್ ಸಂಸ್ಥೆಯನ್ನು ಬೋಸ್ಟನ್ನಿನ ಕ್ಲಾರೆನ್ಸ್ ಬ್ಯಾರನ್‌ಗೆ ಮಾರಿದರು. ಅದೇ ವರ್ಷ ಡಿಸೆಂಬರ್ 4ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡೌ ತೀರಿಕೊಂಡ. ವಯಸ್ಸು 51.

ಡೌ ಥಿಯರಿ ಎಂಬ ಹೆಸರಿನ ಪುಸ್ತಕವನ್ನು ಆತ ಬರೆಯಲಿಲ್ಲ. ಎಸ್. ಎ. ನೆಲ್ಸನ್ ಎಂಬ ಲೇಖಕ ಪುಸ್ತಕ ಬರೆಯಿರೆಂದು ಒತ್ತಾಯಿಸಿ ಸೋತು, ಕೊನೆಗೆ ತಾನೇ ಆ ಸಂಪಾದಕೀಯಗಳನ್ನು ಆರಿಸಿ ಪುಸ್ತಕಕ್ಕೆ ಸೇರಿಸಿದ. ಡೌನ ಸಿದ್ಧಾಂತ ಎಂಬ ಮಾತು ಚಲಾವಣೆಗೆ ಬಂದದ್ದು ಅಲ್ಲಿಂದ. ಅದನ್ನು ಭವಿಷ್ಯ ಹೇಳುವ ಸಾಧನವಾಗಿ ಬೆಳೆಸಿದವನು ಮುಂದೆ ಪತ್ರಿಕೆಯ ಸಂಪಾದಕನಾದ ವಿಲಿಯಂ ಪೀಟರ್ ಹ್ಯಾಮಿಲ್ಟನ್. 1929ರ ಅಕ್ಟೋಬರ್ 25ರಂದು, ಮಹಾಕುಸಿತದ ಮೊದಲ ಪೆಟ್ಟು ಬಿದ್ದ ಮರುದಿನ, ಪ್ರವಾಹ ತಿರುಗಿದೆ ಎಂದು ಹ್ಯಾಮಿಲ್ಟನ್ ಬರೆದ. ಅದು ಸರಿಯಾಯಿತು, ಆತ ದಂತಕಥೆಯಾದ. ಆರು ವಾರಗಳಲ್ಲಿ ತೀರಿಯೂ ಹೋದ.

ಆಲ್ಫ್ರೆಡ್ ಕೌಲ್ಸ್ ಎಂಬಾತನಿಗೆ ಮಾತ್ರ ಅಷ್ಟರಿಂದ ಸಮಾಧಾನವಾಗಲಿಲ್ಲ. ಒಂದು ಭವಿಷ್ಯ ನಿಜವಾಯಿತು ಸರಿ, ಉಳಿದವು? ಆತ 1904ರಿಂದ 1929ರವರೆಗಿನ ಹ್ಯಾಮಿಲ್ಟನ್‌ನ 255 ಸಂಪಾದಕೀಯಗಳನ್ನು ಒಂದೊಂದಾಗಿ ಓದಿ ಲೆಕ್ಕ ಹಾಕಿದ. 1933ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನಿಲುವು ಬದಲಿಸಿ ಎಂದು ಹ್ಯಾಮಿಲ್ಟನ್ ಹೇಳಿದ್ದು 90 ಸಲ, ಸರಿಯಾದದ್ದು 45, ತಪ್ಪಾದದ್ದು 45. ಆತನ ಮಾತಿನಂತೆ ನಡೆದವರಿಗೆ ವರ್ಷಕ್ಕೆ ಶೇ. 12 ಸಿಗುತ್ತಿತ್ತು, ಷೇರು ಕೊಂಡು ಸುಮ್ಮನೆ ಕೂತವರಿಗೆ ಶೇ. 15.5. ನಾಣ್ಯ ಚಿಮ್ಮಿದರೂ ಅರ್ಧಕ್ಕರ್ಧ ಸರಿ ಬರುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1998ರಲ್ಲಿ ಮೂವರು ಸಂಶೋಧಕರು ಅದೇ ಸಂಪಾದಕೀಯಗಳನ್ನು ಮತ್ತೆ ಪರೀಕ್ಷಿಸಿದರು. ಹ್ಯಾಮಿಲ್ಟನ್ ಎಷ್ಟೋ ಕಾಲ ಪೇಟೆಯಿಂದ ಹೊರಗಿರಲು ಹೇಳುತ್ತಿದ್ದರಿಂದ ಅಪಾಯ ಕಡಿಮೆ ಇತ್ತು, ಅದನ್ನು ಲೆಕ್ಕಕ್ಕೆ ತಂದರೆ ಆತನ ಸಾಧನೆ ಅಷ್ಟು ಕೆಟ್ಟದ್ದಲ್ಲ ಎಂದರು. ಹಾಗಾಗಿ ಚಾರ್ಟ್ ನೋಡುವುದೆಲ್ಲ ಮೂಢನಂಬಿಕೆ ಎಂದು ನಾನು ಹೇಳಲಾರೆ.

ಹಾಗಾದರೆ ಆರ್‌ಎಸ್‌ಐ?

ಡೌಗೂ ಆರ್‌ಎಸ್‌ಐಗೂ ನೇರ ಸಂಬಂಧ ಇಲ್ಲ. ಅದನ್ನು ರೂಪಿಸಿದವನು ವೆಲ್ಸ್ ವೈಲ್ಡರ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್, ಪ್ರಕಟಿಸಿದ್ದು 1978ರಲ್ಲಿ. ಆಗ ಡೌ ತೀರಿಕೊಂಡು 76 ವರ್ಷ.

ಲೆಕ್ಕ ಕಷ್ಟದ್ದಲ್ಲ. ಕಳೆದ 14 ದಿನಗಳಲ್ಲಿ ಏರಿದ ದಿನಗಳ ಏರಿಕೆಯನ್ನೆಲ್ಲ ಕೂಡಿಸಿ 14ರಿಂದ ಭಾಗಿಸಿ. ಇಳಿದ ದಿನಗಳ ಇಳಿಕೆಗೂ ಹಾಗೇ ಮಾಡಿ. ಸರಾಸರಿ ಏರಿಕೆ 6 ರೂಪಾಯಿ, ಸರಾಸರಿ ಇಳಿಕೆ 3 ರೂಪಾಯಿ ಎಂದರೆ ಏರಿಕೆ ಇಳಿಕೆಯ ಎರಡು ಪಟ್ಟು. ಇದನ್ನು 0ಯಿಂದ 100ರ ಅಳತೆಗೆ ತಂದರೆ ಸುಮಾರು 67. ಅಷ್ಟೇ. ಇದರೊಳಗೆ ಕಂಪನಿಯ ಸಾಲ ಇಲ್ಲ, ಲಾಭ ಇಲ್ಲ, ನಾಳೆಯ ಸುದ್ದಿ ಇಲ್ಲ. ಆಗಲೇ ಆಗಿಹೋದ 14 ದಿನದ ಬೆಲೆ ಇದೆ. ಡೌ ನೆಟ್ಟ ಕೋಲಿನ ಮೊಮ್ಮಗ ಎನ್ನಬಹುದು.

30ಕ್ಕಿಂತ ಕೆಳಗಿಳಿದರೆ ಅಗ್ಗವಾಗಿದೆ, ಇನ್ನು ಏರುತ್ತದೆ ಎಂಬುದು ಫಾರ್ವರ್ಡ್‌ನ ವಾದ. ಆದರೆ ದಿನವೂ ಬೀಳುತ್ತಲೇ ಇರುವ ಷೇರಿನ ಆರ್‌ಎಸ್‌ಐ ದಿನವೂ ಕೆಳಗೇ ಇರುತ್ತದೆ. ಯೆಸ್ ಬ್ಯಾಂಕ್ ಷೇರು 2018ರ ಆಗಸ್ಟಿನಲ್ಲಿ ಸುಮಾರು 400 ರೂಪಾಯಿ ಇತ್ತು. 2020ರ ಮಾರ್ಚ್ 6ರಂದು, ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದ ಮರುದಿನ, 20 ರೂಪಾಯಿಗಿಂತ ಕೆಳಗಿತ್ತು. ಆ ಹತ್ತೊಂಬತ್ತು ತಿಂಗಳ ಇಳಿಜಾರಿನಲ್ಲಿ ಆರ್‌ಎಸ್‌ಐ ಎಷ್ಟೋ ಸಲ 30ರ ಕೆಳಗೆ ಹೋಗಿ ಕೊಳ್ಳಿ ಎಂದು ಕರೆದಿತ್ತು.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಏರುತ್ತಿರುವುದು ಇನ್ನಷ್ಟು ಏರುತ್ತದೆ ಎಂಬುದು ಮೊಮೆಂಟಮ್. ಬಿದ್ದದ್ದು ಮೇಲೇಳುತ್ತದೆ ಎಂಬುದು ಅದರ ಉಲ್ಟಾ. ಫಾರ್ವರ್ಡ್ ಹೇಳಿದ್ದು ಉಲ್ಟಾವನ್ನು, ಇಟ್ಟ ಹೆಸರು ಮೊಮೆಂಟಮ್! ನಿಜವಾದ ಮೊಮೆಂಟಮ್‌ಗೆ ಸಂಶೋಧನೆಯ ಆಧಾರ ಇದೆ. ಜೆಗದೀಶ್ ಮತ್ತು ಟಿಟ್ಮನ್ 1993ರಲ್ಲಿ ಅಮೆರಿಕದ ಷೇರುಗಳ ಬಗ್ಗೆ ಇದನ್ನು ತೋರಿಸಿದರು. ನಮ್ಮ ಎನ್‌ಎಸ್‌ಇಯಲ್ಲೂ 2020ರಿಂದ ನಿಫ್ಟಿ200 ಮೊಮೆಂಟಮ್ 30 ಎಂಬ ಸೂಚ್ಯಂಕ ಇದೆ. ಆದರೆ ಅವು ನೋಡುವುದು ಆರು ತಿಂಗಳ, ವರ್ಷದ ಬೆಲೆಯನ್ನು. ಆ ಸೂಚ್ಯಂಕದಲ್ಲಿ ಷೇರು ಬದಲಿಸುವುದು ವರ್ಷಕ್ಕೆ ಎರಡೇ ಸಲ. ಐದು ನಿಮಿಷದ ಚಾರ್ಟ್‌ಗೂ ಇದಕ್ಕೂ ಸಂಬಂಧ ಕಲ್ಪಿಸುವುದು ಮೋಸ. ಅಲ್ಲದೆ ಪೇಟೆ ಕುಸಿದು ಥಟ್ಟನೆ ತಿರುಗಿದಾಗ, 2009ರಲ್ಲಿ ಆದಂತೆ, ಮೊಮೆಂಟಮ್ ನೆಚ್ಚಿದವರು ಜೋರಾಗಿ ಪೆಟ್ಟು ತಿಂದದ್ದೂ ಇದೆ.

ಹಾಗಿದ್ದರೂ ಸ್ಕ್ಯಾನರ್‌ನ ಸ್ಕ್ರೀನ್‌ಶಾಟ್‌ಗಳಲ್ಲಿ ಬರೀ ಲಾಭ ಯಾಕೆ ಕಾಣುತ್ತದೆ? ಎನ್‌ಎಸ್‌ಇಯಲ್ಲಿ 2,000ಕ್ಕೂ ಹೆಚ್ಚು ಕಂಪನಿಗಳ ಷೇರು ಇವೆ. ಪ್ರತಿ ವಾರ ಅರ್ಧದಷ್ಟು ಬರೀ ಅದೃಷ್ಟದಿಂದ ಏರುತ್ತವೆ ಎಂದುಕೊಂಡರೂ, ನಾಲ್ಕು ವಾರ ಸತತ ಏರಿದ 125 ಷೇರು ಉಳಿಯುತ್ತವೆ. ಸ್ಕ್ಯಾನರ್ ಪಟ್ಟಿ ಮಾಡಿದ್ದರಲ್ಲಿ ಏರಿದ್ದನ್ನು ಹಂಚಿ, ಬಿದ್ದದ್ದನ್ನು ಅಳಿಸಿದರೆ ಯಾವ ಗುಂಪಿನ ಅಡ್ಮಿನ್ ಬೇಕಾದರೂ ಹ್ಯಾಮಿಲ್ಟನ್ ಆಗಬಹುದು. ಕೌಲ್ಸ್ ಮಾಡಿದಂತೆ 90ರಲ್ಲಿ ಎಷ್ಟು ಸರಿ ಎಂದು ಎಣಿಸುವವರು ಬೇಕು. ಸಂದೇಶ ಅಳಿಸಿದ ಮೇಲೆ ಏನನ್ನು ಎಣಿಸುವುದು?

ಅಣ್ಣ ಕೊಂಡಿದ್ದು ಷೇರನ್ನೂ ಅಲ್ಲ, ಆಪ್ಷನ್. ಅದಕ್ಕೆ ಮುಗಿಯುವ ತಾರೀಕು ಇರುತ್ತದೆ. ಷೇರು ನೀವೆಂದುಕೊಂಡ ದಿಕ್ಕಿಗೇ ಹೋದರೂ, ತಡವಾಗಿ ಹೋದರೆ ಹಾಕಿದ ಹಣ ಪೂರ್ತಿ ಹೋಗಬಹುದು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿ ಕಳೆದುಕೊಂಡರು. ಎಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಬರೀ ಷೇರನ್ನು ಅದೇ ದಿನ ಕೊಂಡು ಅದೇ ದಿನ ಮಾರುವವರಲ್ಲೂ 2022-23ರಲ್ಲಿ ಹತ್ತರಲ್ಲಿ ಏಳು ಮಂದಿಗೆ ನಷ್ಟ.

ದುಡ್ಡು ಪಡೆದು ಷೇರಿನ ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಸಂಖ್ಯೆ ತೋರಿಸಬೇಕು. ಆ ಸಂಖ್ಯೆ ನಿಜವೇ ಎಂದು ಸೆಬಿಯ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ಆನ್‌ಲೈನ್ ಮೋಸದಲ್ಲಿ ಹಣ ಕಳೆದುಕೊಂಡರೆ 1930ಕ್ಕೆ ತಡಮಾಡದೆ ಕರೆ ಮಾಡಿ, ಮೊದಲ ಕೆಲವು ಗಂಟೆಗಳಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅಣ್ಣನ ವಿಷಯದಲ್ಲಿ ಅದೂ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಹಣ ಯಾರೂ ಕದ್ದಿರಲಿಲ್ಲ. ಅವನ ಖಾತೆಯಿಂದ, ಅವನ ಬೆರಳಿನಿಂದಲೇ ಆದ ವ್ಯವಹಾರ. ಗುಂಪಿನವರು ತಗೊಂಡದ್ದು ತಿಂಗಳ ಚಂದಾ ಮಾತ್ರ. ಅವರ ಹತ್ತಿರ ನೋಂದಣಿ ಸಂಖ್ಯೆ ಕೇಳಿದ ಸಂಜೆಯೇ ಅವನನ್ನು ಗುಂಪಿನಿಂದ ತೆಗೆದರು.

ಕಳೆದ ವಾರ ಬಂಧುಗಳ ಗುಂಪಿನಲ್ಲಿ ಡೌನ ನಿಜವಾದ ಫೋಟೋ, ಗಡ್ಡದ್ದು, ಹಾಕಿ, ಹುಟ್ಟಿದ್ದು ಸತ್ತದ್ದು ಬರೆದೆ. ಅಣ್ಣ ಅದನ್ನು ಅಡತಿ ಅಂಗಡಿಯ ಗುಂಪಿಗೆ ಕಳಿಸಿದ್ದಾನೆ. ಇಲ್ಲಿ ನಮ್ಮ ದೊಡ್ಡಪ್ಪ ಯಾರೋ ಶರಣರಿರಬೇಕೆಂದುಕೊಂಡು ಕೈಮುಗಿದ ಎಮೋಜಿ ಹಾಕಿದ್ದಾರೆ.